ಕಹಿ ಸಿರಪ್ ಹೋದ ದಾರಿ

ಆಯಮ್ಮ ಆ ಪುಸ್ತಕವನ್ನು ನನ್ನ ಕೈಗೆ ಕೊಡಲು ಸುತರಾಂ ಒಪ್ಪಲಿಲ್ಲ.

"ಇದನ್ನ ಯಾಕಮ್ಮ ನೋಡ್ತೀರಾ? ಇದು ಕಕ್ಕಸಿನ ಪುಸ್ತಕ. ಡಾಕ್ಟರೇ ಇದುವರೆಗೂ ಮುಟ್ಟಿಲ್ಲ."

"ಡಾಕ್ಟರು ಮುಟ್ಟದೆ ಇರೋದನ್ನ ಮುಟ್ಟೋಕೇ ನನ್ನನ್ನ ಕಳಿಸಿರೋದು. ಕೊಡಿ ಇಲ್ಲಿ."

ಒಗೆದ ಚಾದರಗಳನ್ನು ಜೋಡಿಸಿಡುವ ಕೋಣೆ ಅದು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಪುಸ್ತಕ ತೆರೆದೆ. ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿ ಇಳಿಬಿಟ್ಟ ಪೆನ್ಸಿಲ್ಲು. ಯಾವ ಹಾಸಿಗೆಯವರಿಗೆ ಯಾವತ್ತು ಹೊಟ್ಟೆ ಖಾಲಿಯಾಯಿತು ಎಂಬುದರ ದಾಖಲೆ. ಆಗಿದ್ದರೆ ಒಂದು ಗೀಟು, ಆಗದಿದ್ದರೆ ಒಂದು ಸೊನ್ನೆ. ಆಯಮ್ಮನಿಗೆ ಇದಕ್ಕಿಂತ ಹೆಚ್ಚಿನ ಬರವಣಿಗೆ ಬರುತ್ತಿರಲಿಲ್ಲ. ಸುಳ್ಳು ಬರೆಯುವುದಂತೂ ದೂರದ ಮಾತು.

ಈ ಕೊನೆಗಾಲದ ಆರೈಕೆ ಮನೆಯಲ್ಲಿ ರೋಗಿಗಳಿಗೆ ನೋವಿನ ಮದ್ದು ಸಿಗುತ್ತಿಲ್ಲ ಎಂದು ಇಲಾಖೆಗೆ ಬಂದ ಹೆಸರಿಲ್ಲದ ಪತ್ರದ ಬೆನ್ನು ಹತ್ತಿ ನಾನಿಲ್ಲಿಗೆ ಬಂದು ಅಂದಿಗೆ ಮೂರು ದಿನ.

ಸಂಜೆ ನಾಲ್ಕಕ್ಕೆ ನನ್ನ ವರದಿ ಹೋಗಬೇಕಿತ್ತು. ಮನೆ ಸರಿಯಿಲ್ಲ ಎಂದು ಬರೆದರೆ ನಾಳೆಯೇ ಬೀಗ ಬೀಳುತ್ತದೆ, ರೋಗಿಗಳನ್ನೆಲ್ಲ ಆಂಬುಲೆನ್ಸಿಗೆ ತುಂಬಿ ಬೇರೆಡೆ ಸಾಗಿಸುತ್ತಾರೆ. ಅಕ್ಕನ ಆರೈಕೆಯಲ್ಲಿ ಆರನೆಯ ಹಾಸಿಗೆಯಲ್ಲಿದ್ದವರು ನನ್ನ ಭಾವ. ಅವರ ಹೃದಯ ಆಂಬುಲೆನ್ಸಿನ ಮೆಟ್ಟಿಲು ದಾಟುವುದೂ ಅನುಮಾನವಿತ್ತು. ಸರಿಯಿದೆ ಎಂದು ಬರೆದರೆ, ಇಲ್ಲಿ ಯಾರೋ ಸಾಯುವವರ ಮದ್ದಿಗೆ ಕೈ ಹಾಕುತ್ತಿರುವುದು ನಿಜವಾಗಿದ್ದ ಪಕ್ಷದಲ್ಲಿ, ಆ ಕೈಗೆ ನಾನೇ ಬೆಣ್ಣೆ ಹಚ್ಚಿದಂತೆ. ಭಾವ ಇಲ್ಲೇ ಇದ್ದಾರೆ, ಬೇರೆಯವರನ್ನು ಕಳಿಸಿ ಎಂದು ಅಧಿಕಾರಿಗೆ ಮೊದಲೇ ಹೇಳಿದ್ದೆ. "ಹಾಗಾದ್ರೆ ಇನ್ನೂ ಚೆನ್ನಾಗಿ ನೋಡ್ತೀರಿ ಬಿಡಿ" ಎಂದು ಆತ ಫೋನಿಟ್ಟುಬಿಟ್ಟ. ಮಹಾ ಬುದ್ಧಿವಂತ.

ಪುಸ್ತಕದ ಹಾಳೆ ತಿರುಗಿಸುತ್ತಾ ಹೋದೆ. ಎರಡನೆಯ ಹಾಸಿಗೆ, ಗೀಟು. ಮೂರನೆಯದು, ಗೀಟು. ಐದನೆಯದು, ಗೀಟು. ಎಂಟು ದಿನದಿಂದ ಎಲ್ಲರಿಗೂ ಗೀಟೇ ಗೀಟು.

ನನ್ನ ಬೆನ್ನು ನೇರವಾಯಿತು.

ಆ ಮೂವರೂ ದಿನಕ್ಕೆ ಹಲವು ಸಲ ಮಾರ್ಫಿನ್ ಸಿರಪ್ ತೆಗೆದುಕೊಳ್ಳುವವರು. ಮಾರ್ಫಿನ್ ಕುಡಿದವರಿಗೆ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಇದು ಮೂವತ್ತೊಂದು ವರ್ಷ ವಾರ್ಡಿನಲ್ಲಿ ಸವೆದ ನನ್ನಂಥ ನರ್ಸಿಗೆ ತನ್ನ ಹೆಸರಿನಷ್ಟೇ ಗೊತ್ತಿರುವ ಸಂಗತಿ. ಎಂಟು ದಿನ ಮಾರ್ಫಿನ್ ಕುಡಿದು, ದಿನಾ ಬೆಳಿಗ್ಗೆ ಸಲೀಸಾಗಿ ಹೋಗಿ ಬರುವವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

"ಇವರಿಗೆ ಹೊಟ್ಟೆ ಸಡಿಲ ಆಗೋಕೆ ಏನಾದ್ರೂ ಕೊಡ್ತೀರಾ?"

"ಏನೂ ಇಲ್ಲಮ್ಮ. ಮೊದಲು ಬೇಕಿತ್ತು. ಈಗ ಎಂಟು ದಿನದಿಂದ ಒಬ್ಬರೂ ಕೇಳಿಲ್ಲ. ಒಳ್ಳೇದೇ ಅಲ್ವಾ?"

"ಬಹಳ ಒಳ್ಳೇದು" ಎಂದೆ. ನನ್ನ ದನಿ ಕೇಳಿ ಆಯಮ್ಮ ಚಾದರ ಮಡಿಸುವುದನ್ನು ನಿಲ್ಲಿಸಿದಳು.

ಮದ್ದಿನ ಪುಸ್ತಕವನ್ನು ತಿದ್ದುವವರು ಇರಬಹುದು, ನೋವಿನ ಪಟ್ಟಿಯನ್ನು ತಿದ್ದುವವರೂ ಇರಬಹುದು. ಕಕ್ಕಸಿನ ಪುಸ್ತಕವನ್ನು ತಿದ್ದಬೇಕೆಂದು ಯಾವ ಕಳ್ಳನಿಗೂ ಹೊಳೆಯುವುದಿಲ್ಲ.

ಟಾರ್ಚು ಹಿಡಿದು ವಾರ್ಡಿಗೆ ಹೋದೆ. ಮಾರ್ಫಿನ್ ಮೈಯಲ್ಲಿದ್ದರೆ ಕಣ್ಣುಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗುತ್ತದೆ. ಅದನ್ನು ಯಾರಿಗೂ ನಟಿಸಲು ಬರುವುದಿಲ್ಲ.

ಎರಡನೆಯ ಹಾಸಿಗೆಯಲ್ಲಿ ಗಣಿತದ ಮೇಷ್ಟ್ರು. ಮೂಳೆಗೆ ಇಳಿದ ಕ್ಯಾನ್ಸರ್. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ನೋವು ಹತ್ತಕ್ಕೆ ಎಷ್ಟಿದೆ ಮೇಷ್ಟ್ರೇ?"

"ಎರಡು" ಎಂದರು. ಮಂಚದ ಸರಳು ಹಿಡಿದಿದ್ದ ಕೈಗೆಣ್ಣು ಬಿಳಿಚಿಕೊಂಡಿತ್ತು.

"ಎರಡಕ್ಕೆ ಇಷ್ಟು ಬೆವರ್ತಾರಾ?"

"ಸೆಖೆ ಕಣಮ್ಮ. ಪರೀಕ್ಷೆ ಮಾಡೋದು ನನ್ನ ಕೆಲಸ ಆಗಿತ್ತು, ಈಗ ನೀವು ಹಿಡ್ಕೊಂಡಿದ್ದೀರಾ." ಕಣ್ಣುಪಾಪೆ ಅಗಲವಾಗಿತ್ತು.

ಮೂರನೆಯ ಹಾಸಿಗೆಯಲ್ಲಿ ಬೇಕರಿಯವನ ತಾಯಿ. ಎಲ್ಲರೂ ಬೇಕರಿ ಅಮ್ಮ ಎನ್ನುತ್ತಾರೆ. ಆಕೆಯದೂ "ಎರಡು". ಆಕೆಯ ಕಣ್ಣುಪಾಪೆಯೂ ಅಗಲ. ನೋವಿಲ್ಲ ಎಂದು ನಗುತ್ತಲೇ ತುಟಿ ಕಚ್ಚಿಕೊಂಡರು.

ಐದನೆಯವರು ದರ್ಜಿ. ಗಂಟಲಿನ ಕ್ಯಾನ್ಸರಿಗೆ ದನಿ ಹೋಗಿತ್ತು, ಮೂಗಿನಲ್ಲಿ ನಳಿಕೆ ಇತ್ತು. ಬೆರಳುಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ, ಚಾದರದ ಅಂಚನ್ನು ಮಡಿಸಿ ಮಡಿಸಿ ಹೊಲಿಗೆ ಹಾಕುವಂತೆ ಸರಿಯುತ್ತಿದ್ದವು. ಕಣ್ಣುಪಾಪೆ ಇವರದೂ ಅಗಲ. ನೋವು ಎಷ್ಟು ಎಂದು ಕೇಳಿದೆ. ಹತ್ತೂ ಬೆರಳು ಅಗಲಿಸಿ ನನ್ನ ಮುಖದ ಮುಂದೆ ಹಿಡಿದರು.

"ಅವರು ಏನು ಕೇಳಿದ್ರೂ ಹತ್ತೇ ತೋರಿಸೋದು. ವಯಸ್ಸು ಕೇಳಿದ್ರೂ ಹತ್ತೇ." ಹಿಂದಿನಿಂದ ದನಿ ಬಂತು. ದೊಡ್ಡ ಸಿಸ್ಟರ್. ಈ ಮನೆಯ ಮುಖ್ಯ ನರ್ಸು. ಆಕೆಯ ಬಿಳಿ ಬೂಟು ಒಂದಿಷ್ಟೂ ಸದ್ದು ಮಾಡುವುದಿಲ್ಲ, ಬೆಕ್ಕಿನ ಹೆಜ್ಜೆ.

"ಸಿಸ್ಟರ್, ಸ್ವಲ್ಪ ಮದ್ದಿನ ಕೋಣೆಗೆ ಬರ್ತೀರಾ?" ಎಂದೆ. "ಬೀಗದ ಕೈ ಜೊತೆಗೇ ಇರಲಿ."

ಮದ್ದಿನ ಕೋಣೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ನಾನು ಬಾಗಿಲು ಹಾಕಿಕೊಂಡೆ.

"ನಿಮ್ಮ ಮದ್ದಿನ ಪುಸ್ತಕ ಬಹಳ ಅಚ್ಚುಕಟ್ಟಾಗಿದೆ, ಸಿಸ್ಟರ್."

"ಸಂತೋಷ."

"ಅದೇ ನನಗೆ ಹಿಡಿಸ್ತಿಲ್ಲ."

"ಅಚ್ಚುಕಟ್ಟಾಗಿರೋದು ಹಿಡಿಸ್ತಿಲ್ವಾ? ಗಲೀಜಾಗಿದ್ದಿದ್ರೆ ಹಿಡಿಸ್ತಿತ್ತಾ?"

"ಮೂರು ಜನಕ್ಕೆ ಮಾರ್ಫಿನ್ ಹೋಗ್ತಿದೆ. ಮೂರು ಜನಕ್ಕೂ ಹೊಟ್ಟೆ ಸಲೀಸು. ಮೂರು ಜನದ ಕಣ್ಣುಪಾಪೆಯೂ ಇಷ್ಟಗಲ. ಹೇಗೆ ಅಂತ ನೀವೇ ಹೇಳಿ."

ಆಕೆಯ ಮುಖ ಬಿಳುಪೇರಲಿಲ್ಲ, ಕೆಂಪಾಯಿತು. ಅಪರಾಧಿಯ ಮುಖವೂ ಕೆಂಪಾಗುತ್ತದೆ, ಅವಮಾನವಾದವರ ಮುಖವೂ ಆಗುತ್ತದೆ. ಇಷ್ಟು ವರ್ಷವಾದರೂ ಅವೆರಡನ್ನು ಬೇರ್ಪಡಿಸಲು ನನಗೆ ಬಂದಿಲ್ಲ.

"ನನ್ನ ಮೇಲೆ ಅನುಮಾನನಾ?"

"ಬೀಗದ ಕೈ ಇರೋದು ನಿಮ್ಮ ಸೊಂಟದಲ್ಲಿ. ಇನ್ಯಾರ ಮೇಲೆ ಪಡಲಿ, ಗೋಡೆ ಮೇಲಾ?"

ಆಕೆ ಎರಡು ಬೀಗ ತೆಗೆದು ಕಪಾಟು ತೆರೆದಳು. ಕಂದು ಬಣ್ಣದ ಸೀಸೆಯನ್ನು ನನ್ನ ಕೈಗಿಟ್ಟಳು. "ಅಳೆದು ನೋಡಿ."

ಅಳೆದೆ. ಪುಸ್ತಕದಲ್ಲಿ ಎಷ್ಟು ಉಳಿದಿರಬೇಕೋ ಅಷ್ಟೇ ಉಳಿದಿತ್ತು, ಕೂದಲೆಳೆಯ ವ್ಯತ್ಯಾಸವಿಲ್ಲ. ನೀರು ಬೆರೆಸಿರಬಹುದು ಎಂದು ಒಂದು ಹನಿ ಬೆರಳಿಗೆ ತಾಗಿಸಿ ನಾಲಗೆಗಿಟ್ಟೆ. ಕಹಿ ನೆತ್ತಿಗೇರಿತು. ಅಸಲಿ ಮಾಲು.

"ಈಗೇನಂತೀರಿ?" ಎಂದಳು ಆಕೆ, ಕೈ ಕಟ್ಟಿಕೊಂಡು.

"ಸಿರಪ್ಪು ಇಲ್ಲಿಂದ ಸರಿಯಾಗೇ ಹೊರಡುತ್ತೆ ಅಂತೀನಿ. ಬಾಯಿ ತಲುಪೋದಿಲ್ಲ ಅಂತಾನೂ ಅಂತೀನಿ. ನೀವು ನಿಂತು ಕುಡಿಸ್ತೀರಾ?"

"ಇಲ್ಲ. ಕಪ್ಪಿಗೆ ಹಾಕಿ ಅವರ ಕೈಗೇ ಕೊಡ್ತೀವಿ. ಈ ಮನೆ ಶುರುವಾದಾಗಿಂದ ಅದೇ ಪದ್ಧತಿ." ಈಗ ಆಕೆಯ ದನಿ ಸ್ವಲ್ಪ ಇಳಿಯಿತು. "ಇಲ್ಲಿಗೆ ಬಂದವರು ಎಲ್ಲಾ ಬೇರೆಯವರ ಕೈಲೇ ಮಾಡಿಸ್ಕೊಳ್ಳೋದು. ಸ್ನಾನ, ಊಟ, ಮಗ್ಗುಲು ಬದಲಾಯಿಸೋದು, ಎಲ್ಲಾ. ಮದ್ದಾದ್ರೂ ಅವರ ಕೈಯಿಂದ ಅವರೇ ಕುಡೀಲಿ ಅಂತ. ಯಾರೂ ಮುಂದೆ ನಿಂತು ಬಾಯಿ ನೋಡಬಾರದು."

ಒಳ್ಳೆಯ ಮಾತೇ. ನನಗೂ ಇಷ್ಟವಾಯಿತು, ಸುಳ್ಳು ಹೇಳಲಾರೆ. ಆದರೆ ಕಳ್ಳತನಕ್ಕೆ ಇದಕ್ಕಿಂತ ದೊಡ್ಡ ಬಾಗಿಲು ಯಾವ ಮನೆಯಲ್ಲೂ ಇರುವುದಿಲ್ಲ.

"ಇನ್ನೊಂದು ಹೇಳಲಾ?" ಆಕೆ ಕಪಾಟಿಗೆ ಬೀಗ ಹಾಕುತ್ತಾ ಕೇಳಿದಳು. "ಹೊಟ್ಟೆ ಸಡಿಲ ಆಗೋ ಮದ್ದನ್ನ ಯಾರೂ ಕೇಳಿಲ್ಲ ಅಂತ ಆಯಮ್ಮ ಹೇಳಿರಬೇಕು. ಆಯಮ್ಮನ್ನ ಕೇಳಿಲ್ಲ ಅಷ್ಟೇ. ನನ್ನ ಹತ್ರ ಕೇಳಿದ್ದಾರೆ. ವಾರದಲ್ಲಿ ಒಂದು ಸೀಸೆ ಪೂರ್ತಿ ಹೋಯ್ತು."

"ಯಾರಿಗೆ?"

"ಆರನೇ ಹಾಸಿಗೆಗೆ. ನಿಮ್ಮ ಭಾವನಿಗೆ ಅಂತ ನಿಮ್ಮಕ್ಕ ಬಂದು ತಗೊಂಡು ಹೋಗ್ತಾರೆ."

ನಾನು ಬಾಗಿಲ ಚಿಲಕಕ್ಕೆ ಕೈ ಹಾಕಿದೆ.

ಭಾವನಿಗೆ ಕಿಡ್ನಿಯೂ ಸೋತಿತ್ತು. ಅಂಥವರ ಮೈಯಿಂದ ಮಾರ್ಫಿನ್ ಹೊರಗೆ ಹೋಗುವುದೇ ಇಲ್ಲ, ಕೂಡಿಕೊಂಡು ಕೂಡಿಕೊಂಡು ಉಸಿರೇ ನಿಲ್ಲಿಸುತ್ತದೆ. ಅವರ ಫೈಲಿನ ಮೇಲೆ "ಮಾರ್ಫಿನ್ ಕೊಡಕೂಡದು" ಎಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಹಗಲೆಲ್ಲ ಅವರು ನಿದ್ದೆ ಮಾಡುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಹೃದಯದ ಆಯಾಸ ಎಂದುಕೊಂಡು ಸುಮ್ಮನಿದ್ದೆ.

ಯಾರೋ ಮೂವರ ಮದ್ದನ್ನು ಒಬ್ಬರಿಗೆ ಕುಡಿಸುತ್ತಿದ್ದಾರೆ. ನನ್ನ ಭಾವನನ್ನು ನಿಧಾನವಾಗಿ ಕೊಲ್ಲುತ್ತಿದ್ದಾರೆ. ಹೊಟ್ಟೆಯ ಮದ್ದನ್ನು ಕೇಳಿ ತಂದವಳು ನನ್ನ ಒಡಹುಟ್ಟಿದವಳು. ಮೊದಲ ದಿನ ನನ್ನನ್ನು ಕಂಡು "ಇಡೀ ಇಲಾಖೇಲಿ ನೀನೊಬ್ಬಳೇ ಸಿಕ್ಕಿದ್ಯಾ?" ಎಂದು ಮುಖ ತಿರುಗಿಸಿದವಳು.

ಓಡಬಾರದು ಎಂದು ನನಗೆ ನಾನೇ ಹೇಳಿಕೊಂಡು ಓಡಿದೆ.

ಆರನೆಯ ಹಾಸಿಗೆ ಕಿಟಕಿಯ ಪಕ್ಕ. ಭಾವ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದರು. ಅಕ್ಕ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ತೂಕಡಿಸುತ್ತಿದ್ದಳು. ನಾನು ಮೊದಲು ಭಾವನ ಉಸಿರು ಎಣಿಸಿದೆ. ನಿಮಿಷಕ್ಕೆ ಇಪ್ಪತ್ತೆರಡು. ರೆಪ್ಪೆ ಎತ್ತಿ ಟಾರ್ಚು ಬಿಟ್ಟೆ.

ಕಣ್ಣುಪಾಪೆ ಚೆನ್ನಾಗಿ ಅಗಲವಾಗಿತ್ತು. ಬೆಳಕಿಗೆ ಸರಿಯಾಗಿ ಮುದುಡಿತು.

"ಏನಮ್ಮ ನಾದಿನಿ, ಇನ್ನೂ ಇದ್ದೀನಾ ಅಂತ ನೋಡ್ತಿದ್ದೀಯಾ?" ಭಾವ ಪಿಸುಗುಟ್ಟಿದರು.

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇವರ ಮೈಯಲ್ಲಿ ಒಂದು ಹನಿಯೂ ಇಲ್ಲ. ಹಾಗಾದರೆ ಹೊಟ್ಟೆಯ ಮದ್ದು? ಆಯಮ್ಮನ ಪುಸ್ತಕ ಇನ್ನೂ ನನ್ನ ಕಂಕುಳಲ್ಲೇ ಇತ್ತು. ತೆರೆದು ನೋಡಿದೆ. ಆರನೆಯ ಹಾಸಿಗೆ, ದಿನವೂ ಗೀಟು. ಭಾವನಿಗೆ ಆ ಸೀಸೆಯ ಅಗತ್ಯವೇ ಇರಲಿಲ್ಲ.

ನಿಧಾನವಾಗಿ ಕುರ್ಚಿಯ ಕಡೆ ತಿರುಗಿದೆ.

"ಎಬ್ಬಿಸಬೇಡ" ಎಂದರು ಭಾವ. ತಮಾಷೆ ಅವರ ದನಿಯಿಂದ ಹೊರಟುಹೋಗಿತ್ತು. "ಈಗಷ್ಟೇ ಕಣ್ಣು ಹತ್ತಿದೆ ಅವಳಿಗೆ."

ನಾನು ಕೇಳಲಿಲ್ಲ. ಮಂಡಿಯೂರಿ ಅಕ್ಕನ ರೆಪ್ಪೆ ಎತ್ತಿದೆ. ಸಾಸಿವೆ ಕಾಳು.

"ಅಕ್ಕ."

ಅವಳು ಕಣ್ಣು ಬಿಟ್ಟು ನನ್ನನ್ನೂ ಟಾರ್ಚನ್ನೂ ನೋಡಿದಳು. ನೋಡಿ, ಚಿಕ್ಕಂದಿನಲ್ಲಿ ನಾನು ಏನಾದರೂ ಕದ್ದು ಸಿಕ್ಕಿಬಿದ್ದಾಗ ಹೇಗೆ ನಿಟ್ಟುಸಿರು ಬಿಡುತ್ತಿದ್ದಳೋ ಹಾಗೇ ಬಿಟ್ಟಳು. ಈ ಸಲ ಸಿಕ್ಕಿಬಿದ್ದವಳು ಅವಳು.

"ಪರದೆ ಎಳಿ" ಎಂದಳು.

ಎಳೆದೆ. ಅವಳು ಶಾಲು ಸರಿಸಿ ಎಡತೋಳು ಎತ್ತಿದಳು. ತೋಳು ಅರ್ಧಕ್ಕೇ ನಿಂತಿತು. ಕಂಕುಳ ಕೆಳಗೆ, ಎದೆಯ ಅಂಚಿಗೆ, ಮುಷ್ಟಿಗಾತ್ರದ ಗಡ್ಡೆ ಒಡೆದು ಹುಣ್ಣಾಗಿತ್ತು. ಅದರ ಮೇಲೆ ಹರಿದ ಚಾದರದ ಪಟ್ಟಿ ಮಡಿಸಿ ಇಟ್ಟುಕೊಂಡಿದ್ದಳು. ಇದು ಒಂದೆರಡು ತಿಂಗಳ ಮಾತಲ್ಲ. ವರ್ಷದ ಮೇಲಾಗಿತ್ತು.

"ಯಾರಿಗೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನನ್ನೂ ಒಂದು ಮಂಚಕ್ಕೆ ಹಾಕ್ತಿದ್ರಿ. ಆಮೇಲೆ ಇವರನ್ನ ಯಾರು ನೋಡ್ಕೊಳ್ತಿದ್ರು, ನಿನ್ನ ಇಲಾಖೆನಾ? ಇವರದ್ದು ಒಂದು ಮುಗೀಲಿ, ಆಮೇಲೆ ನಾನೇ ನಿನಗೆ ಫೋನ್ ಮಾಡೋಳಿದ್ದೆ."

"ನಾನೇ ಭಿಕ್ಷೆ ಬೇಡಿದೆ ಕಣಮ್ಮ" ಎಂದರು ಭಾವ. "ಅವಳು ಬಾಯಿಗೆ ಬಟ್ಟೆ ತುರುಕಿಕೊಂಡು ನರಳೋದನ್ನ ಕೇಳೋಕಾಗಲಿಲ್ಲ. ಬಂದ ಎರಡನೇ ದಿನ ಮೇಷ್ಟ್ರ ಹತ್ರ ಹೇಳಿಕೊಂಡೆ. ಚದುರಂಗ ಆಡೋ ನೆಪದಲ್ಲಿ ಹಲಗೆ ಹಿಡ್ಕೊಂಡು ಬರ್ತಾರೆ. ಹಲಗೆ ಕೆಳಗೆ ಲೋಟ. ಅವರೂ ಪಕ್ಕದವರೂ ಕುಡೀದೇ ಉಳಿಸಿದ್ದು ಇವಳಿಗೆ."

ಹಾಗಾಗಿಯೇ ಆ "ಎರಡು". ನೋವು ಜಾಸ್ತಿ ಎಂದರೆ ಡಾಕ್ಟರು ಮುಂದೆ ನಿಂತು ಕುಡಿಸುತ್ತಾರೆ ಎಂಬ ಭಯಕ್ಕೆ ಸಾಯುವವರು ಹಲ್ಲು ಕಚ್ಚಿಕೊಂಡು ನಗುತ್ತಿದ್ದರು. ಇನ್ನೊಬ್ಬಳ ನೋವಿಗಾಗಿ.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಮೂರು ದಿನ ಅವಳ ಪಕ್ಕದಲ್ಲೇ ಕೂತಿದ್ದೆ. ಇಂಥ ಸೆಖೆಯಲ್ಲಿ ಶಾಲು ಯಾಕೆ ಎಂದು ಕೇಳಿ, "ಫ್ಯಾನಿನ ಗಾಳಿ ಆಗಲ್ಲ" ಎಂದದ್ದನ್ನು ನಂಬಿದ್ದೆ. ಕಳ್ಳರನ್ನು ಹುಡುಕಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಂದವಳಿಗೆ ಒಡಹುಟ್ಟಿದವಳ ಸಂಕಟ ಕಾಣಲಿಲ್ಲ. ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅವಳು ಬಲಗೈಯಿಂದ ನನ್ನ ತಲೆ ಸವರುತ್ತಾ, "ಟಾರ್ಚು ಆರಿಸೇ, ಸೆಲ್ಲು ಖಾಲಿಯಾಗುತ್ತೆ" ಎಂದಳು.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಡಾಕ್ಟರು ಬಂದು ಅಕ್ಕನನ್ನು ನೋಡಿದರು. ಬಹಳ ತಡವಾಗಿದೆ ಎಂದು ಕಣ್ಣಲ್ಲೇ ಹೇಳಿದರು. ನಾಲ್ಕನೆಯ ಹಾಸಿಗೆ ಖಾಲಿಯಿತ್ತು, ಅಲ್ಲಿಗೆ ಅವಳ ಹೆಸರು ಬರೆಸಿದೆವು. ಭಾವನ ಮಂಚಕ್ಕೂ ಅದಕ್ಕೂ ನಡುವೆ ದರ್ಜಿಯವರ ಮಂಚ ಒಂದೇ.

ದೊಡ್ಡ ಸಿಸ್ಟರ್ ಕೈ ಹಿಡಿದು ಕ್ಷಮೆ ಕೇಳಿದೆ. "ಬಿಡಿ, ನಿಮ್ಮ ಕೆಲಸ ನೀವು ಮಾಡಿದ್ರಿ" ಎಂದು ಆಕೆ ದೊಡ್ಡ ಮನಸ್ಸಿನಿಂದ ನಕ್ಕಳು.

ಮೂರೂವರೆಗೆ ವರದಿ ಬರೆದೆ. ಕಳ್ಳತನ ನಡೆದಿಲ್ಲ, ಮನೆಯನ್ನು ಮುಚ್ಚಬೇಕಾಗಿಲ್ಲ. ಮದ್ದನ್ನು ರೋಗಿಯ ಕೈಗೆ ಕೊಡುವ ಪದ್ಧತಿ ಮಾತ್ರ ಇಂದಿನಿಂದಲೇ ನಿಲ್ಲಬೇಕು. ಮುಖ್ಯ ನರ್ಸೇ ಪ್ರತಿಯೊಬ್ಬರಿಗೂ ತನ್ನ ಕೈಯಾರೆ ಕುಡಿಸಬೇಕು, ಬೇರೆ ಯಾರೂ ಮುಟ್ಟಕೂಡದು. ಸಹಿ ಹಾಕಿದೆ. ಒಂದು ಪ್ರತಿ ದೊಡ್ಡ ಸಿಸ್ಟರಿಗೆ ಕೊಟ್ಟೆ, ಇನ್ನೊಂದನ್ನು ಇಲಾಖೆಯ ಜವಾನ ಲಕೋಟೆಗೆ ಹಾಕಿಕೊಂಡು ಸ್ಕೂಟರ್ ಹತ್ತಿದ.

ಎದೆಯ ಭಾರ ಅರ್ಧ ಇಳಿದಂತಾಗಿ, ಮೇಷ್ಟ್ರಿಗೆ ಎರಡು ಮಾತು ಬೈಯೋಣ ಎಂದು ಅವರ ಮಂಚಕ್ಕೆ ಹೋದೆ. ಬೈಯುವುದಕ್ಕಿಂತ ಕಾಲಿಗೆ ಬೀಳುವ ಮನಸ್ಸೇ ಜಾಸ್ತಿ ಇತ್ತು. ಎಂಟು ದಿನದ ಮೇಲೆ ಕುಡಿದ ಮದ್ದಿಗೆ ಅವರ ಬೆವರು ಆರಿತ್ತು.

"ಏನ್ ಮೇಷ್ಟ್ರೇ, ಮೂರು ಜನ ಸೇರಿ ಎಂಥಾ ನಾಟಕ ಆಡಿದ್ರಿ! ನಾನು ಹುಚ್ಚಿ ಹಾಗೆ ಓಡಾಡಿಬಿಟ್ಟೆ."

"ಮೂರು ಜನ ಯಾರು?"

"ನೀವು, ಬೇಕರಿ ಅಮ್ಮ, ದರ್ಜಿಯವರು."

ಮೇಷ್ಟ್ರು ದಿಂಬಿನಿಂದ ತಲೆ ಎತ್ತಿದರು. "ದರ್ಜಿಯವರು ಇದರಲ್ಲಿ ಇಲ್ಲಮ್ಮ. ನಾವಿಬ್ಬರೇ. ಅವರಿಗೆ ನಾವು ಹೇಳೇ ಇಲ್ಲ."

"ಇಲ್ಲ ಅಂದ್ರೆ? ಅವರ ಕಪ್ಪು?"

"ಅವರಿಗೆ ಕಪ್ಪೆಲ್ಲಿಂದ ಬರುತ್ತೆ? ಒಂದು ತೊಟ್ಟು ನೀರೂ ನುಂಗೋಕಾಗಲ್ಲ ಪಾಪ. ಮೂಗಿನ ನಳಿಕೆಗೆ ಸಿರಿಂಜಲ್ಲಿ ಹಾಕ್ತಾರೆ."

"ಯಾರು ಹಾಕ್ತಾರೆ?" ಎಂದೆ.

"ಇನ್ಯಾರು? ದೊಡ್ಡ ಸಿಸ್ಟರೇ. ಬೇರೆಯವರನ್ನ ಹತ್ರಕ್ಕೂ ಬಿಡಲ್ಲ. ಪರದೆ ಎಳ್ಕೊಂಡು ಹಾಕ್ತಾರೆ."

ದರ್ಜಿಯವರ ಕಣ್ಣುಪಾಪೆಯನ್ನು ಅಂದು ಬೆಳಿಗ್ಗೆ ನಾನೇ ನೋಡಿದ್ದೆ. ಅಗಲವಾಗಿತ್ತು. ಅವರು ಯಾರಿಗೂ ಮದ್ದು ದಾನ ಮಾಡಿರಲಿಲ್ಲ. ಹತ್ತು ಎಂದರೆ ಹತ್ತೇ ಅವರ ನೋವು.

ಹಿಂದಿನಿಂದ ಪರದೆಯ ಉಂಗುರಗಳು ಕಂಬಿಯ ಮೇಲೆ ಸರಿದ ಸದ್ದಾಯಿತು. ನಾಲ್ಕನೆಯ ಹಾಸಿಗೆ. ಪರದೆಯ ಕೆಳಗೆ ಬಿಳಿ ಬೂಟುಗಳು ಕಂಡವು. ಒಳಗಿಂದ ಮೆತ್ತನೆಯ ದನಿ ಕೇಳಿತು.

"ಹೆದರಬೇಡಿ ಅಮ್ಮ, ಇನ್ಮೇಲೆ ನಿಮ್ಮ ಮದ್ದೆಲ್ಲಾ ನನ್ನ ಕೈಯಿಂದಲೇ. ನಿಮ್ಮ ತಂಗಿನೇ ಬರೆದುಕೊಟ್ಟಿದ್ದಾರೆ."